ಪಂಚಮಿಗೆ ಅಪ್ಪನ ಗಾಡಿ

ದೇವದುರ್ಗ
೬ ಏಪ್ರಿಲ್ ೨೦೨೫

ಅಕ್ಕಾ,

ಮೊದಲು ಸುದ್ದಿ, ಆಮೇಲೆ ನಮಸ್ಕಾರ. ಯುಗಾದಿಯ ದಿನ ಅಪ್ಪನ ಗಾಡಿ ಸ್ಟಾರ್ಟ್ ಆಯಿತು.

ಮಾನ್ವಿಯ ಮೆಕ್ಯಾನಿಕ್ ಯಂಕೋಬ ನಮ್ಮ ಅಂಗಳದಲ್ಲೇ ಠಿಕಾಣಿ ಹೂಡಿ ಇಂಜಿನ್ನು ಕೂಡಿಸಿಕೊಟ್ಟ. ಅಪ್ಪ ಹೋದಾಗಿನಿಂದ ತಾಡಪತ್ರಿ ಹೊದ್ದು ಮಲಗಿದ್ದ ಮಾರುತಿ ಎರಡು ಸಲ ಕೆಮ್ಮಿ ಎದ್ದೇಬಿಟ್ಟಿತು. ಮಂಜುಳಾ ಬೇವು-ಬೆಲ್ಲದ ಬಟ್ಟಲು ಹಿಡಿದುಕೊಂಡೇ ಓಡಿಬಂದು ಬಾನೆಟ್ಟಿಗೆ ಕುಂಕುಮ ಹಚ್ಚಿದಳು. ಗಂಡನ ಕಣ್ಣಲ್ಲಿ ನೀರು ಬಂತು ಅಂತ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅದು ಹೊಗೆಗೆ ಬಂದದ್ದು ಅಂತ ನಾನು ಹೇಳಿದರೆ ಕೇಳುವವರಿಲ್ಲ.

ಅಪ್ಪ ತೀರಿದ ಮೇಲೆ ಶಿವಗಣಾರಾಧನೆಯ ದಿನ ಬಂಧು ಬಳಗದ ಮುಂದೆ ನೀನು ಆಡಿದ ಮಾತು ನಿನಗೆ ನೆನಪಿರಲಿಕ್ಕಿಲ್ಲ. ನನಗೆ ಇದೆ. "ನಮ್ಮ ಶಿವರಾಜಗ ಬಿಚ್ಚಾಕ ಬರ್ತದ, ಜೋಡಿಸಾಕ ಬರಂಗಿಲ್ಲ" ಅಂದಿದ್ದೆ. ಅದಕ್ಕೆ ನಾನೂ ಆ ಜನರ ಮುಂದೆಯೇ ಅಂದೆ, ಅಪ್ಪನ ಗಾಡಿ ನಡೆಸಿಕೊಂಡು ಬಂದು ಪಂಚಮಿಗೆ ನಿನ್ನನ್ನು ತವರಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ನಿನ್ನ ಬಾಗಿಲು ತುಳಿಯುವುದಿಲ್ಲ ಅಂತ. ಆರು ಪಂಚಮಿ ಹಾಗೇ ಹೋದವು. ಈ ಸಲ ಬರುತ್ತೇನೆ.

ಒಂದೇ ಒಂದು ಸಣ್ಣ ಕೆಲಸ ಬಾಕಿ ಇದೆ. ಇಂಜಿನ್ನಿನ ಪಕ್ಕಕ್ಕೆ ಮ್ಯಾನಿಫೋಲ್ಡ್ ಅಂತ ಅಲ್ಯೂಮಿನಿಯಂ ಎರಕದ ಒಂದು ತುಂಡು ಇರುತ್ತದೆ. ಗಾಳಿ ಮತ್ತು ಪೆಟ್ರೋಲು ಬೆರೆತು ಅದರ ಮೂರು ಕೊಳವೆಗಳ ಮೂಲಕ ಇಂಜಿನ್ನಿನ ಒಳಗೆ ಹೋಗುತ್ತವೆ. ಬೆರಳು ಹಾಕಿ ನೋಡಿದೆ. ಒಳಗೆಲ್ಲ ಒರಟು, ಎರಕದ ಏಣುಗಳು ಎದ್ದು ನಿಂತಿವೆ, ಕೊಳವೆಯ ಬಾಯಿಗೂ ಇಂಜಿನ್ನಿನ ಬಾಯಿಗೂ ಸರಿಯಾಗಿ ಕೂಡುವುದಿಲ್ಲ. "ಏರು ಬಂದ್ರ ಇದಕ್ಕ ದಮ್ಮು ಹತ್ತತದ" ಅಂತ ಅಪ್ಪ ಸಾಯುವತನಕ ಗೊಣಗುತ್ತಿದ್ದ. ಯಾಕೆ ಅಂತ ಈಗ ತಿಳಿಯಿತು ನೋಡು. ಒಳಮೈ ತೀಡಿ ನುಣುಪು ಮಾಡಿದರೆ ಗಾಳಿ ಸರಾಗ ಹೋಗುತ್ತದೆ. ಮನೆಯಲ್ಲೇ ಮಾಡಬಹುದು, ಫೋನಿನಲ್ಲಿ ಮಾಡಿ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ.

ಹಾಗಾಗಿ ಅದನ್ನು ಬಿಚ್ಚಿ ಇಟ್ಟಿದ್ದೇನೆ. ಸಿಟ್ಟಾಗಬೇಡ. ಮಾವನಿಗೂ ನಿನಗೂ ನಮ್ಮೆಲ್ಲರ ಶರಣು.

ನಿನ್ನ ತಮ್ಮ
ಶಿವರಾಜ


ರಾಯಚೂರು
೧೪ ಏಪ್ರಿಲ್ ೨೦೨೫

ತಮ್ಮಾ ಶಿವರಾಜ,

ನಾವೆಲ್ಲ ಅರಾಮ ಇದ್ದೇವೆ. ನಿನ್ನ ಪತ್ರದ ಮೊದಲ ಅರ್ಧ ಓದಿ ನಮ್ಮ ಯಜಮಾನರ, ನಿನ್ನ ಮಾವನ ಬಾಯಿಗೆ ಸಕ್ಕರೆ ಹಾಕಿದೆ. ಉಳಿದರ್ಧ ಓದಿ ವಾಪಸು ಕೇಳಬೇಕು ಅನ್ನುವಷ್ಟರಲ್ಲಿ ಅವರು ನುಂಗಿಬಿಟ್ಟಿದ್ದರು.

ಓಡುವ ಗಾಡಿ ಯಾಕೆ ಬಿಚ್ಚಿದೆ? ಅಡುಗೆ ಆದ ಮೇಲೆ ಒಲೆ ಕಿತ್ತು ನೋಡುವವರನ್ನು ನಿನ್ನ ಬಿಟ್ಟು ನಾನು ಬೇರೆ ಕಂಡಿಲ್ಲ. ಆ ಮಾತು ನನಗೆ ನೆನಪಿಲ್ಲ ಅಂತ ನಿನಗೆ ಯಾರು ಹೇಳಿದರು? ಚೆನ್ನಾಗಿ ನೆನಪಿದೆ. ವಾಪಸು ತೆಗೆದುಕೊಳ್ಳುವುದೂ ಇಲ್ಲ. ಅವ್ವನ ರೇಡಿಯೋ ಬಿಚ್ಚಿದವನು ಯಾರು? ಗೋಡೆ ಗಡಿಯಾರ ಬಿಚ್ಚಿದವನು ಯಾರು? ಅದರ ಮುಳ್ಳುಗಳು ಇವತ್ತಿಗೂ ನನ್ನ ಟ್ರಂಕಿನಲ್ಲಿ ಬಿದ್ದಿವೆ.

ಇದನ್ನೆಲ್ಲ ಫೋನಿನಲ್ಲೇ ಬೈಯಬಹುದಿತ್ತು. ಆದರೆ ನಮ್ಮ ಅಕ್ಕಿ ಮಿಲ್ಲಿನ ಸದ್ದು ನನ್ನ ಕಿವಿ ತಿಂದು ಮುಗಿಸಿದೆ. ನಿನ್ನ ದನಿ ನನಗೆ ಕೇಳುವುದಿಲ್ಲ ಅಂತ ನಾನು ಕೂಗುತ್ತೇನೆ, ಕೂಗಿದೆ ಅಂತ ನೀನು ಮುನಿಸಿಕೊಳ್ಳುತ್ತೀ. ಡಾಕ್ಟರು ಕೊಟ್ಟ ಯಂತ್ರ ಕಿವಿಗೆ ಹಾಕಿಕೊಂಡರೆ ಮಿಲ್ಲಿನ ಸದ್ದೂ ಒಳಗೆ ಬರುತ್ತದೆ, ಅದಕ್ಕೆ ಅದನ್ನು ಅಡಿಕೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ನಮಗಿಬ್ಬರಿಗೂ ಕಾಗದವೇ ಸರಿ. ಇದರಲ್ಲಿ ಬೈದರೂ ಸಣ್ಣ ದನಿಯಲ್ಲೇ ಕೇಳುತ್ತದೆ.

ಈಗ ಒಂದು ಮಾತು ಕಿವಿಗೊಟ್ಟು ಕೇಳು. ಹೆಣ್ಣುಮಗಳು ಪಂಚಮಿಗೆ ಕರೆಯದೆ ತವರಿಗೆ ಹೋಗಬಾರದು. ಅಣ್ಣನೋ ತಮ್ಮನೋ ಬಾಗಿಲಿಗೆ ಬಂದು ಕರೆಯಬೇಕು. ಇದು ಅವ್ವ ಹೇಳಿಕೊಟ್ಟದ್ದು, ನಾನು ಮುರಿಯುವುದಿಲ್ಲ. ದೇವದುರ್ಗದ ಬಸ್ಸು ನಮ್ಮ ಮಿಲ್ಲಿನ ಮುಂದೆಯೇ ಹೋಗುತ್ತದೆ, ಕೈ ಮಾಡಿದರೆ ನಿಲ್ಲಿಸುತ್ತಾರೆ. ಆದರೆ ಹಾಗೆ ಹತ್ತಿ ಬಂದರೆ ನಾನು ದೇವದುರ್ಗಕ್ಕೆ ಬಂದ ಹಾಗಾಗುತ್ತದೆ, ತವರಿಗೆ ಬಂದ ಹಾಗಾಗುವುದಿಲ್ಲ.

ಪಂಚಮಿ ಜುಲೈ ಕೊನೆಗೆ ಬಂದಿದೆ. ಬಿಚ್ಚಿದ್ದನ್ನು ಬೇಗ ಹಾಕು.

ನಿನ್ನ ಅಕ್ಕ
ಬಸವಂತಮ್ಮ


ದೇವದುರ್ಗ
೪ ಮೇ ೨೦೨೫

ಅಕ್ಕಾ,

ಬೈದದ್ದು ಮುಟ್ಟಿತು, ಎರಡು ಸಲ ಓದಿದೆ. ಮಂಜುಳಾ ಮೂರನೆಯ ಸಲ ಗಟ್ಟಿಯಾಗಿ ಓದಿಸಿಕೊಂಡಳು.

ಕೆಲಸ ನಡೆದಿದೆ. ಈ ಬಿಸಿಲಿನಲ್ಲಿ ಊಟದ ಹೊತ್ತಿಗೆ ಅಂಗಳದ ಬಂಡೆಯ ಮೇಲೆ ಕಾಲಿಡಲು ಆಗುವುದಿಲ್ಲ, ಆದ್ದರಿಂದ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಕೂತುಕೊಳ್ಳುತ್ತೇನೆ. ಕಬ್ಬಿಣದ ಕಡ್ಡಿಯ ತುದಿ ಸೀಳಿ, ಅದಕ್ಕೆ ಎಮರಿ ಪೇಪರಿನ ಪಟ್ಟಿ ಸಿಕ್ಕಿಸಿ, ಕೈ ಡ್ರಿಲ್ಲಿಗೆ ಹಾಕಿ ತಿರುಗಿಸಿದರೆ ಅದು ಕೊಳವೆಯ ಒಳಗೆ ಹೋಗಿ ತೀಡುತ್ತದೆ. ಮೊದಲು ಏಣು ಹೋದವು. ಆಮೇಲೆ ನಡುವೆ ಕೂರುವ ಗ್ಯಾಸ್ಕೆಟ್ಟಿನ ಹಾಳೆ ಇಟ್ಟು ಗೀಟು ಹಾಕಿಕೊಂಡು ಬಾಯಿ ಅಗಲ ಮಾಡಿದೆ. ಈಗ ಇಂಜಿನ್ನಿನ ಬಾಯಿಗೆ ಸರಿಯಾಗಿ ಕೂಡುತ್ತದೆ, ಬೆರಳಿಗೆ ಒಂದು ಕೂದಲಿನಷ್ಟೂ ತಡೆ ಸಿಗುವುದಿಲ್ಲ.

ಅಲ್ಯೂಮಿನಿಯಂ ಪುಡಿ ಹಾರಿ ಮಾಳಿಗೆಯ ಮೇಲಿನ ಸಂಡಿಗೆಯ ಮೇಲೆ ಕೂತಿತು. ಮಂಜುಳಾ ಒಂದು ಹಾಳೆ ಸಂಡಿಗೆ ಪೂರಾ ಎಮ್ಮೆಗೆ ಹಾಕಿದಳು, ಎಮ್ಮೆಯೂ ಮೂಸಿ ಬಿಟ್ಟಿತು. "ಅಂಗಡಿ ತೆರಿಯಾಕ ಹೊತ್ತಿಲ್ಲ, ಕೊಳವಿ ತಿಕ್ಕಾಕ ಹೊತ್ತದ" ಅನ್ನುತ್ತಾಳೆ. ಅವಳಿಗೆ ತಿಳಿಯುವುದಿಲ್ಲ ಅಕ್ಕಾ. ಡ್ರಿಲ್ಲು ನಿಲ್ಲಿಸಿ ಬೆರಳು ಒಳಗೆ ಹಾಕಿದಾಗ, ನಿನ್ನೆ ಒರಟಾಗಿದ್ದ ಜಾಗ ಇವತ್ತು ನುಣುಪಾಗಿ ಸಿಕ್ಕರೆ ಎಷ್ಟು ಸಮಾಧಾನ ಆಗುತ್ತದೆ ಅಂತ ಹೇಗೆ ಹೇಳಲಿ.

ನಿನಗೆ ತಿಳಿಯುತ್ತದೆ. ಹದಿನೆಂಟರ ಹುಡುಗ ನಾನು ನಿನ್ನ ಮನೆಯಲ್ಲಿದ್ದು ಮಿಲ್ಲಿನ ಪಾಲಿಶ್ ಯಂತ್ರದ ಮುಂದೆ ನಿಲ್ಲುತ್ತಿದ್ದೆನಲ್ಲ. ಕೆಂಪಗೆ ಒಳಗೆ ಹೋದ ಅಕ್ಕಿ ಬೆಳ್ಳಗೆ ಮಿಂಚುತ್ತಾ ಹೊರಗೆ ಬರುತ್ತಿತ್ತು. ನೀನು ಒಂದು ಹಿಡಿ ತಗೊಂಡು ಬಿಸಿಲಿಗೆ ಹಿಡಿದು, "ಇನ್ನೊಂದು ಕೈ ಬಿಡು, ಹೊಳಪು ಸಾಲದು" ಅನ್ನುತ್ತಿದ್ದೆ. ಅದೇ ಬುದ್ಧಿ ಇಲ್ಲಿ ಹಚ್ಚಬೇಕು ಅಂತಿದ್ದೇನೆ. ಎಮರಿ ಪೇಪರು ಒಂದು ಹದದವರೆಗೆ ತೀಡುತ್ತದೆ, ಹೊಳಪು ಕೊಡುವುದಿಲ್ಲ. ಭತ್ತದ ಹೊಟ್ಟಿನ ಬೂದಿ ಒಂದು ಚೀಲ, ಪಾಲಿಶ್ ಯಂತ್ರದ ಹಳೆಯ ಚರ್ಮದ ಪಟ್ಟಿ ಎಲ್ಲಾದರೂ ಇದ್ದರೆ ಅದೊಂದು ಕಳಿಸು. ಬೂದಿಯಲ್ಲಿ ಅದ್ದಿದ ಚರ್ಮ ಏನು ಮಾಡಬಲ್ಲದು ಅಂತ ಫೋನಿನ ಮಂದಿಗೆ ಗೊತ್ತಿಲ್ಲ.

ಪುಡಿ ಮೆತ್ತಿದ ಕೈಯವನು
ಶಿವರಾಜ


ರಾಯಚೂರು
೧೧ ಮೇ ೨೦೨೫

ಶಿವರಾಜ,

ಬೂದಿಯ ಚೀಲ ಬಸ್ಸಿಗೆ ಹಾಕಿದ್ದೇನೆ. ಕಂಡಕ್ಟರು ಮಠದ ವಿಭೂತಿ ಅಂದುಕೊಂಡು ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡ. ನಾನು ಬೇಡ ಅನ್ನಲಿಲ್ಲ. ಈ ಗಾಡಿಗೆ ಬೇಕಾದಷ್ಟು ಜನರ ಭಕ್ತಿ ಬೇಕಾಗಿದೆ.

ಚೀಲದ ಒಳಗೆ ಚರ್ಮದ ಪಟ್ಟಿ ಇದೆ. ನೀನು ನಿಂತು ನಡೆಸುತ್ತಿದ್ದ ಆ ಹಳೆಯ ಯಂತ್ರದ್ದೇ. ಯಂತ್ರವನ್ನು ಗುಜರಿಗೆ ಹಾಕಿ ಎಷ್ಟೋ ಕಾಲವಾಯಿತು. ಪಟ್ಟಿಯನ್ನು ಯಾಕೆ ಇಟ್ಟುಕೊಂಡಿದ್ದೆ ಅಂತ ನಿನ್ನ ಮಾವ ಕೇಳಿದರು. ಅದನ್ನು ಸುತ್ತಿ ಚೀಲಕ್ಕೆ ಹಾಕಿದೆ.

ಮಂಜುಳಾಗೆ ಸಂಡಿಗೆಯ ಹಿಟ್ಟು ಬೇರೆ ಕಳಿಸುತ್ತೇನೆ ಅಂತ ಹೇಳು. ನಿನ್ನ ಕೈ ತೊಳೆದುಕೊಂಡು ಉಣ್ಣು.

ಬಸವಂತಮ್ಮ


ದೇವದುರ್ಗ
೮ ಜೂನ್ ೨೦೨೫

ಅಕ್ಕಾ,

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ.

ನಿನ್ನ ಬೂದಿ, ನಿನ್ನ ಪಟ್ಟಿ ಅಂದುಕೊಂಡ ಹಾಗೆಯೇ ಕೆಲಸ ಮಾಡಿದವು. ಮೂರು ಕೊಳವೆಗಳೂ ಬೆಳ್ಳಿಯ ಲೋಟದ ಒಳಗಿನ ಹಾಗೆ ಹೊಳೆದವು. ಟಾರ್ಚು ಬಿಟ್ಟರೆ ಕಣ್ಣು ಕುಕ್ಕುತ್ತಿತ್ತು. ಬಾಯಿಯ ಹತ್ತಿರ ಬಗ್ಗಿ ನೋಡಿದರೆ ನನ್ನ ಮುಖ ಕಾಣಿಸಿತು, ಮೂಗು ಮಾತ್ರ ಅಪ್ಪನದು. ಅಷ್ಟು ಚಂದದ ಕೆಲಸ ನನ್ನ ಜನ್ಮದಲ್ಲಿ ಮಾಡಿರಲಿಲ್ಲ. ನಾನೇ ಕೂಡಿಸಿದೆ, ನಾನೇ ನಟ್ಟು ಬಿಗಿದೆ.

ಬೆಳಿಗ್ಗೆ ಚಾವಿ ತಿರುಗಿಸಿದೆ. ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಎದ್ದಿತು, ಎದ್ದು ಚಳಿಜ್ವರ ಬಂದವರ ಹಾಗೆ ನಡುಗಿತು. ಪೆಟ್ರೋಲಿನ ವಾಸನೆ ಓಣಿಗೆಲ್ಲ ಹಬ್ಬಿತು. ಪ್ಲಗ್ಗು ತೆಗೆದು ನೋಡಿದರೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಹಾಗೇ ಒತ್ತಾಯ ಮಾಡಿ ಬಸ್ ಸ್ಟ್ಯಾಂಡಿನವರೆಗೆ ಒಯ್ದೆ, ತಿರುವಿನಲ್ಲಿ ನಿಂತುಬಿಟ್ಟಿತು. ಚಹಾದ ಅಂಗಡಿಯವರು ಎದ್ದು ಬಂದು ತಳ್ಳಿ ಮನೆಗೆ ಮುಟ್ಟಿಸಿದರು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಒರಟಿದ್ದಾಗ ಓಡಿತು, ನುಣುಪಾದ ಮೇಲೆ ನಿಂತಿತು. ಇದರ ಅರ್ಥ ನನಗೆ ಹತ್ತುತ್ತಿಲ್ಲ. ನೀನು ಆವತ್ತು ಆಡಿದ ಮಾತೇ ನಿಜ ಇರಬೇಕು, ನನ್ನ ಕೈಗೆ ಬಿಚ್ಚುವ ಗುಣ ಮಾತ್ರ ಕೊಟ್ಟು ಕಳಿಸಿದ್ದಾನೆ ದೇವರು. ತಾಡಪತ್ರಿ ಮತ್ತೆ ಹೊದಿಸಿದ್ದೇನೆ. ಹಳೆಯ ಗಾಡಿ ಕೊಳ್ಳುವವನೊಬ್ಬ ಸುರಪುರದ ಕಡೆ ಇದ್ದಾನಂತೆ, ಹೇಳಿ ಕಳಿಸಲೋ ಅಂತ ಯೋಚನೆ ಮಾಡುತ್ತಿದ್ದೇನೆ. ಪಂಚಮಿಯ ವಿಷಯ ಈಗ ಬರೆಯುವುದಿಲ್ಲ.

ಶಿವರಾಜ


ರಾಯಚೂರು
೧೭ ಜೂನ್ ೨೦೨೫

ಶಿವರಾಜ,

ತಾಡಪತ್ರಿ ತೆಗೆ. ಸುರಪುರದವನಿಗೆ ಹೇಳಿ ಕಳಿಸಿದರೆ ನಾನು ನಿನ್ನ ಅಕ್ಕನಲ್ಲ.

ಭತ್ತ ನೋಡಲು ಹಿರೇಕೊಟ್ನೆಕಲ್‌ಗೆ ಹೋಗಿದ್ದೆ, ಬರುವಾಗ ಮಾನ್ವಿಯಲ್ಲಿ ಇಳಿದು ಯಂಕೋಬನ ಗ್ಯಾರೇಜು ಹುಡುಕಿಕೊಂಡು ಹೋದೆ. ನಿನ್ನ ಪತ್ರ ಅವನ ಕೈಗೆ ಕೊಟ್ಟೆ. ಓದಿ ತಲೆ ಮೇಲೆ ಕೈ ಇಟ್ಟುಕೊಂಡ. ಕಲಿಯುವ ದಿನಗಳಲ್ಲಿ ತಾನೂ ಒಂದು ಗಾಡಿಗೆ ಹೀಗೇ ಮಾಡಿ ಬೈಸಿಕೊಂಡಿದ್ದನಂತೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಜೋರಾಗಿ ಹೇಳಿದ, "ಒಳಗ ಕನ್ನಡಿ ಆಗಬಾರದ್ರೀ ಅಮ್ಮಾರ. ಪೆಟ್ರೋಲು ಹನಿ ಕಟ್ಟಿ ಗ್ವಾಡಿ ಹಿಡದು ಇಳಿತದ. ಒಂಚೂರು ಒರಟ ಇದ್ರ ಗಾಳಿ ಅದನ್ನ ಎತ್ತಿಕೊಂಡು ಹೋಗತದ." ಹಳೆಯ ಗಾಡಿಗಳಲ್ಲಿ ಗಾಳಿಯ ಜೊತೆಗೇ ಪೆಟ್ರೋಲೂ ಆ ಕೊಳವೆಯಲ್ಲಿ ಹೋಗುತ್ತದಂತೆ. ನುಣುಪು ಗೋಡೆಗೆ ಅದು ಹನಿಯಾಗಿ ಅಂಟಿ ಉಳಿದರೆ ಇಂಜಿನ್ನಿಗೆ ಒಮ್ಮೆ ಉಪವಾಸ, ಒಮ್ಮೆ ಅಜೀರ್ಣ.

ಮನೆಗೆ ಬಂದು ನಂಬಿಕೆಯಾಗದೆ ಸ್ಟೀಲಿನ ತಟ್ಟೆಯ ಮೇಲೆ ನೀರು ಚಿಮುಕಿಸಿ ನೋಡಿದೆ. ಮುತ್ತಿನ ಹಾಗೆ ಹನಿ ಹನಿ ಆಗಿ ಉರುಳಾಡಿತು. ಗಡಿಗೆಯ ಮುಚ್ಚಳದ ಮೇಲೆ ಚಿಮುಕಿಸಿದೆ. ಹರಡಿ ಒಣಗಿಹೋಯಿತು. ನಿನ್ನ ಮಾವ ಇವಳಿಗೇನೋ ಆಗಿದೆ ಅಂತ ನೋಡುತ್ತಾ ನಿಂತಿದ್ದರು.

ನಮ್ಮಿಬ್ಬರ ಮಿಲ್ಲಿನ ಬುದ್ಧಿ ಕೆಟ್ಟಿತು ನೋಡು. ಹೊಳೆದದ್ದೆಲ್ಲ ಒಳ್ಳೆಯದು ಅಂತ ನಾವು ಕಲಿತದ್ದು ಪೇಟೆಗೆ ಕಳಿಸುವ ಅಕ್ಕಿಗೆ. ನಮ್ಮ ಮನೆಗೆ ಯಾವ ಅಕ್ಕಿ ತರುತ್ತಿದ್ದೆವು, ನೆನಪು ಮಾಡಿಕೋ. ಪಾಲಿಶ್ ಯಂತ್ರಕ್ಕೆ ಒಂದೇ ಸಲ ಬಿಟ್ಟು, ಇನ್ನೂ ತೌಡು ಅಂಟಿಕೊಂಡಿರುವಾಗಲೇ ನಿಲ್ಲಿಸಿ ಒಂದು ಚೀಲ ಪಕ್ಕಕ್ಕೆ ಇಡುತ್ತಿದ್ದೆ. ಆ ಕೆಂಪು ಅನ್ನ ಉಂಡೇ ನೀನು ನನ್ನ ಮನೆಯಲ್ಲಿ ಒಂದೇ ವರ್ಷಕ್ಕೆ ನನಗಿಂತ ಎತ್ತರ ಆದದ್ದು. ಆ ಗಾಡಿ ಮನೆಯದು, ಪೇಟೆಯದಲ್ಲ. ಏಣು ಹೋಗಿದೆ, ಬಾಯಿ ಕೂಡಿದೆ, ಅಷ್ಟು ಸಾಕಿತ್ತು. ಆ ಕೆಲಸ ನೀನು ಚೆನ್ನಾಗಿಯೇ ಮಾಡಿದ್ದೀ ಅಂತ ಯಂಕೋಬನೂ ಅಂದ. ಹೊಳಪು ಮಾತ್ರ ಕೆಡಿಸು.

ದಪ್ಪ ಎಮರಿ ಪೇಪರಿನಲ್ಲಿ ಒಂದು ಸುತ್ತು ಗೀರಿಬಿಡು. ಒಂದೇ ಸುತ್ತು, ತಿಳಿಯಿತಾ? ನಿನ್ನ ಕೈಗೆ ಸಾಕು ಅನ್ನುವುದನ್ನು ಕಲಿಸು.

ನಿನ್ನ ಮುಖ ಅಲ್ಲಿ ಕಾಣಿಸದಿದ್ದರೂ ಪರವಾಗಿಲ್ಲ ಅನ್ನುವ
ಅಕ್ಕ


ರಾಯಚೂರು
೧೨ ಜುಲೈ ೨೦೨೫

ತಮ್ಮಾ,

ನನ್ನ ಪತ್ರ ಹೋಗಿ ತಿಂಗಳಾಗುತ್ತಾ ಬಂತು. ನಿನ್ನದು ಬರಲಿಲ್ಲ. ಪೋಸ್ಟಿನವನನ್ನು ದಿನಾ ಕೇಳಿ ಕೇಳಿ ಅವನು ನಮ್ಮ ಓಣಿಗೆ ಬೇರೆ ಕಡೆಯಿಂದ ಬರಲು ಶುರು ಮಾಡಿದ್ದಾನೆ. ಮಂಜುಳಾಗೆ ಫೋನು ಹಚ್ಚಿಸಿದೆ. ಅವಳು ಏನೋ ಹೇಳಿದಳು, ನೀನು ಅರಾಮ ಇದ್ದೀ ಅನ್ನುವಷ್ಟು ಮಾತ್ರ ತಿಳಿಯಿತು.

ಶಿವರಾಜ, ಗಾಡಿ ಓಡದಿದ್ದರೆ ಬಿಡು. ಬಸ್ಸಿನಲ್ಲಿ ಬಾ. ಬಂದು ಬಾಗಿಲಲ್ಲಿ ನಿಂತು ಒಂದು ಮಾತು ಕರೆ, ನಾನು ಚೀಲ ಹಿಡಿದುಕೊಂಡು ನಿನ್ನ ಹಿಂದೆ ಬರುತ್ತೇನೆ. ನೀನು ಜನರ ಮುಂದೆ ಆಡಿದ ಮಾತು ಆ ಜನರೇ ಮರೆತಿದ್ದಾರೆ, ಅರ್ಧ ಮಂದಿ ಸತ್ತೂ ಹೋಗಿದ್ದಾರೆ.

ನನಗೆ ಅರವತ್ತೊಂದು ನಡೆಯುತ್ತಿದೆ. ಆರು ವರ್ಷದಿಂದ ಪಂಚಮಿಗೆ ಇಲ್ಲಿಯ ಹುತ್ತಕ್ಕೆ ಹಾಲು ಎರೆಯುತ್ತಿದ್ದೇನೆ. ಅಪ್ಪನ ಪಾಲು, ಅವ್ವನ ಪಾಲು ಅಂತ ಎರೆದು ತಮ್ಮನ ಪಾಲು ಅನ್ನುವ ಹೊತ್ತಿಗೆ ನನ್ನ ದನಿ ನನಗೇ ಕೇಳಿಸುವುದಿಲ್ಲ. ಕಿವಿಯ ದೋಷ ಅಂತ ಸುಮ್ಮನಾಗುತ್ತೇನೆ. ಬದುಕಿರುವ ತಮ್ಮನ ಹೆಸರಿಗೆ ಅವನು ಇಲ್ಲದ ಊರಿನಲ್ಲಿ ಹಾಲು ಎರೆಯುವುದು ನನಗೆ ಇನ್ನು ಸಾಕಾಗಿದೆ.

ಬಸವಂತಮ್ಮ


ದೇವದುರ್ಗ
೧೯ ಜುಲೈ ೨೦೨೫

ಅಕ್ಕಾ,

ನಿನ್ನ ಕಾಗದ ಓದಿ ಅಂಗಡಿ ಮುಚ್ಚಿ ಮನೆಗೆ ಬಂದೆ.

ಸುಮ್ಮನಿದ್ದದ್ದು ನಾಚಿಕೆಗೆ. ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದೆ. ನೀನು ಒಂದು ಸುತ್ತು ಅಂದಿದ್ದೆ. ಎರಡು ಕೊಳವೆಗೆ ಒಂದೇ ಸುತ್ತು ಗೀರಿದೆ, ಚೆನ್ನಾಗಿ ಬಂತು. ಮೂರನೆಯದರ ತಿರುವಿನಲ್ಲಿ ಇನ್ನೂ ಹೊಳಪು ಉಳಿದಿದೆ ಅನ್ನಿಸಿ ಡ್ರಿಲ್ಲು ಇನ್ನೊಂದು ಸಲ ಒತ್ತಿದೆ. ಮೊದಲೇ ತೀಡಿ ತೀಡಿ ತೆಳ್ಳಗಾಗಿದ್ದ ಗೋಡೆ. ಒಂದು ಸಾಸಿವೆ ಕಾಳಿನಷ್ಟು ತೂತು ಬಿತ್ತು. ಅದರ ಆಚೆಗೆ ಇಂಜಿನ್ನಿನ ನೀರು ಹರಿಯುವ ದಾರಿ ಇದೆ, ನೀರು ಒಳಗೆ ಇಳಿದರೆ ಗಾಡಿ ಮುಗಿಯಿತು.

ಯಂಕೋಬನಿಗೆ ಹೇಳಿದ್ದೇನೆ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಇನ್ನೊಂದು ಮ್ಯಾನಿಫೋಲ್ಡ್ ಹುಡುಕುತ್ತಿದ್ದಾನೆ. ಸಿಗುವ ತನಕ ಅಂತ, ಪೈಪಿಗೆ ಹಚ್ಚುವ ಸೀಲು ಇರುತ್ತದಲ್ಲ, ಕರಿ ಮುದ್ದೆ ಬಿಳಿ ಮುದ್ದೆ ಕಲಸಿ ಹಚ್ಚುವುದು, ಅದನ್ನು ತುಂಬಿ ಒಣಗಿಸಿ ಕೂಡಿಸಿದೆ. ಅಕ್ಕಾ, ಓಡಿತು. ಬೆಳಗಿನ ತಂಪಿನಲ್ಲಿ ಮೊದಲ ಚಾವಿಗೇ ಎದ್ದಿತು. ಗಬ್ಬೂರಿನವರೆಗೆ ಹೋಗಿ ಬಂದೆ, ಏರಿನಲ್ಲಿ ಗೇರು ಇಳಿಸಲೇ ಇಲ್ಲ. ನೀನು ಹೇಳಿದ ಆ ಒರಟು ಗೆದ್ದಿತು. ಅಪ್ಪ ಪಕ್ಕದಲ್ಲಿ ಕೂತಿದ್ದರೆ ದಮ್ಮಿನ ಮಾತು ಎತ್ತುತ್ತಿರಲಿಲ್ಲ.

ಬಸ್ಸಿನಲ್ಲಿ ಬಂದರೂ ನೀನು ಬಾಗಿಲು ತೆಗೆಯುತ್ತೀ, ರೊಟ್ಟಿ ಹಾಕುತ್ತೀ, ನನಗೆ ಗೊತ್ತು. ಆದರೆ ನಾನು ನಿನ್ನ ಮನೆಯಲ್ಲಿ ಬೆಳೆದವನು. ನೀನು ಆ ಮಿಲ್ಲನ್ನು ಒಂಟಿ ಕೈಯಲ್ಲಿ ನಡೆಸಿದ್ದನ್ನು ನೋಡಿದವನು. ಒಂದೇ ಒಂದನ್ನಾದರೂ ಪೂರ್ತಿ ಮುಗಿಸಿ ನಿನ್ನ ಮುಂದೆ ನಿಲ್ಲಬೇಕು ಅನ್ನುವ ಆಸೆ ನನಗೆ. ಬೇರೆ ಸಿಟ್ಟು ಯಾವುದೂ ಇಲ್ಲ, ಎಂದೂ ಇರಲಿಲ್ಲ.

ಇಪ್ಪತ್ತೇಳಕ್ಕೆ, ಭಾನುವಾರ, ಬೆಳಿಗ್ಗೆ ಬರುತ್ತೇನೆ. ಬಿಸಿಲಿನಲ್ಲಿ ಬಾಗಿಲಲ್ಲಿ ಕಾಯುತ್ತಾ ಕೂರಬೇಡ.

ನಿನ್ನ
ಶಿವರಾಜ


ರಾಯಚೂರು
೪ ಆಗಸ್ಟ್ ೨೦೨೫

ತಮ್ಮಾ,

ಸುಖವಾಗಿ ಬಂದು ಮುಟ್ಟಿದೆ. ಮಂಜುಳಾ ಕಟ್ಟಿಕೊಟ್ಟ ಶೇಂಗಾ ಉಂಡಿ ನಿನ್ನ ಮಾವ ಆಗಲೇ ಅರ್ಧ ಮುಗಿಸಿದ್ದಾರೆ.

ಆವತ್ತಿನ ಭಾನುವಾರದಲ್ಲಿ ನಿನಗೆ ಗೊತ್ತಿಲ್ಲದ ಒಂದು ಭಾಗ ನನ್ನ ಹತ್ತಿರ ಉಳಿದಿದೆ. ಎದುರಿಗೆ ಕೂತು ಹೇಳಲು ಆಗಲಿಲ್ಲ, ಬರೆಯುತ್ತೇನೆ.

ಕೂರಬೇಡ ಅಂತ ನೀನು ಬರೆದಿದ್ದೆ, ನಾನು ಬೆಳಗಿನಿಂದ ಬಾಗಿಲಲ್ಲೇ ಕೂತಿದ್ದೆ. ಹೊಸ ಇಳಕಲ್ ಸೀರೆ, ತೊಡೆಯ ಮೇಲೆ ತಂಬಿಟ್ಟಿನ ಡಬ್ಬಿ. ಎದುರುಮನೆಯವರು ಬಂದು ಮಾತಾಡಿಸಿ ಹೋದರು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ನೀನು ಬರಲಿಲ್ಲ. ಇವನು ಮತ್ತೆ ಏನೋ ಬಿಚ್ಚಿಕೊಂಡು ಕೂತಿದ್ದಾನೆ ಅಂದುಕೊಂಡೆ. ಸೀರೆ ಬದಲಿಸಿ ಮಿಲ್ಲಿಗೆ ಹೋಗಿಬಿಡುತ್ತೇನೆ, ಇನ್ನು ಮುಂದೆ ಇವನಿಗೆ ಕಾಗದ ಬರೆಯುವುದೂ ಇಲ್ಲ ಅಂತ ನಿರ್ಧಾರ ಮಾಡಿ ಎದ್ದಿದ್ದೆ. ಅಷ್ಟು ಸಿಟ್ಟು ನನಗೆ ನಿನ್ನ ಮೇಲೆ ಹಿಂದೆಂದೂ ಬಂದಿರಲಿಲ್ಲ.

ಆಗ ನಮ್ಮ ಟ್ರ್ಯಾಕ್ಟರಿನ ಅಮರೇಶ ಭತ್ತ ತುಂಬಿಕೊಂಡು ಬಂದ. ಇಳಿದವನೇ ಓಡಿಬಂದು ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದ, "ಅಮ್ಮಾರ, ದೇವದುರ್ಗದ ಅಣ್ಣಾರ ಗಾಡಿ ಕಲ್ಮಲದಾಗ ನಿಂತದ್ರಿ. ಬಿಳಿ ಹೊಗಿ ಬರಾಕತ್ತದ. ಇಲ್ಲೀತನ ಎಳಕೊಂಡು ಬರ್ತೀನಿ ಅಂದ್ರ ಒಲ್ಲೆ ಅಂದ್ರು."

ಅಳು ಬರಬೇಕಿತ್ತು, ನಗು ಬಂತು. ಸೀಲು ಬಿಟ್ಟಿತು ಅಂತ ತಿಳಿಯಿತು, ಅದಕ್ಕಲ್ಲ. ಕಲ್ಮಲದವರೆಗೆ ಬಂದಿದ್ದಾನಲ್ಲ ಅಂತ. ಆರು ವರ್ಷದಲ್ಲಿ ನೀನು ನನ್ನ ಕಡೆಗೆ ಅಷ್ಟು ಹತ್ತಿರ ಬಂದಿರಲಿಲ್ಲ. ಟ್ರಾಲಿ ಕಳಚಲು ಹೇಳಿ ಅದೇ ಸೀರೆಯಲ್ಲಿ ಟ್ರ್ಯಾಕ್ಟರು ಹತ್ತಿದೆ. ಕಾರು ತರಿಸುತ್ತೇನೆ ನಿಲ್ಲು ಅಂತ ನಿನ್ನ ಮಾವ ಹಿಂದಿನಿಂದ ಕೂಗಿದರಂತೆ. ಕೇಳಿಸಲಿಲ್ಲ ಅನ್ನುವ ಸೌಕರ್ಯ ನನಗಿದೆ.

ಮುಂದಿನದು ನಿನಗೂ ಗೊತ್ತು, ಆದರೂ ನಾನು ಕಂಡ ಹಾಗೆ ಬರೆಯುತ್ತೇನೆ. ನೀನು ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದೆ. ಹೊಸ ಬಿಳಿ ಅಂಗಿ, ಕಪ್ಪು ಕೈ. ನನ್ನನ್ನು ನೋಡಿ ಎದ್ದು ನಿಂತು, "ಅಕ್ಕಾ, ನಿನ್ನ ಬಾಗಿಲಿಗೆ ಮುಟ್ಟಲಿಲ್ಲ. ಈ ಸಲನೂ ಅರ್ಧಕ್ಕ ನಿಂತೆ" ಅಂದೆ. ಐವತ್ತು ದಾಟಿದವನು ಹಾಗೆ ನಿಂತದ್ದು ನೋಡಿ ಟ್ರ್ಯಾಕ್ಟರಿನಿಂದ ಇಳಿದು ನಿನ್ನ ಎದುರಿಗೆ ಬಂದೆ. "ನಾ ನಿಂತಲ್ಲೇ ನನ್ನ ಬಾಗಿಲು. ಕರಿ" ಅಂದೆ. ನೀನು ಅಂಗಿಗೇ ಕೈ ಒರೆಸಿಕೊಂಡು, ಅಪ್ಪ ಕರೆಯುತ್ತಿದ್ದ ಹಾಗೆಯೇ, "ಯವ್ವಾ, ಪಂಚಮಿ ಬಂತು, ತವರಮನಿಗೆ ನಡಿ" ಅಂದೆ. ನಿನ್ನ ಒಂದು ಮಾತೂ ನನಗೆ ಕೇಳಿಸಲಿಲ್ಲ ಶಿವರಾಜ. ತುಟಿ ನೋಡಿ ತಿಳಿದುಕೊಂಡೆ. ಅಪ್ಪನ ತುಟಿಯೂ ಹಾಗೇ ಅಲುಗುತ್ತಿತ್ತು.

ಗಾಡಿಯ ಮುಖ ದೇವದುರ್ಗದ ಕಡೆಗೆ ತಿರುಗಿಸು ಅಂದಾಗ ಅಮರೇಶ ನನಗೆ ಹುಚ್ಚು ಅಂದುಕೊಂಡಿರಬೇಕು. ಹಗ್ಗ ನೀನೇ ಕಟ್ಟಿದೆ. ನಾನು ಅವ್ವ ಕೂರುತ್ತಿದ್ದ ಸೀಟಿನಲ್ಲಿ ಕೂತೆ. ಗಬ್ಬೂರಿನಲ್ಲಿ ಜನ ನಿಂತು ನಕ್ಕರು ಅಂತ ನೀನು ತಲೆ ತಗ್ಗಿಸಿದೆ. ಅಷ್ಟಕ್ಕೆ ಯಾಕೆ ತಗ್ಗಿಸಿದೆಯೋ. ನನ್ನ ಕಿವಿಗೆ ಓಡುವ ಇಂಜಿನ್ನೂ ಒಂದೇ, ನಿಂತ ಇಂಜಿನ್ನೂ ಒಂದೇ. ಹೊಲಗಳು ಹಿಂದೆ ಸರಿಯುತ್ತಿದ್ದವು, ನಿನ್ನ ಕೈ ಸ್ಟಿಯರಿಂಗಿನ ಮೇಲಿತ್ತು, ನಾನು ಅಪ್ಪನ ಗಾಡಿಯಲ್ಲಿ ತವರಿಗೆ ಹೋಗುತ್ತಿದ್ದೆ. ನೀನು ಮಾತು ಕೊಟ್ಟದ್ದು ಅಷ್ಟೇ ಅಲ್ಲವೇ?

ಹುತ್ತದ ಮುಂದೆ ತಮ್ಮನ ಪಾಲು ಅಂತ ಎರೆದಾಗ ನೀನು ಪಕ್ಕದಲ್ಲೇ ಇದ್ದೆ. ನನ್ನ ದನಿ ಎಷ್ಟು ಜೋರಾಗಿತ್ತು ಅಂತ ಮಂಜುಳಾ ಆಮೇಲೆ ಹೇಳಿ ನಕ್ಕಳು. ಜೋರಾಗಿಯೇ ಇರಲಿ.

ಇನ್ನೊಂದು ಮಾತು. ಮನೆ ಮುಟ್ಟಿದ ಮೇಲೆ ಅಮರೇಶ ಹಗ್ಗ ಬಿಡಿಸಲು ಹೋದ. ನೀನು ಹಾಕಿದ ಗಂಟು ಅಲುಗಲಿಲ್ಲ, ಕುಡುಗೋಲು ತಂದು ಕೊಯ್ಯಬೇಕಾಯಿತು. ನೀನು ಒಳಗೆ ಕೈ ತೊಳೆಯುತ್ತಿದ್ದೆ, ನೋಡಲಿಲ್ಲ. ಅಪ್ಪನ ಶಿವಗಣಾರಾಧನೆಯ ದಿನ ಆಡಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಅಂತ ಬರೆದಿದ್ದೆನಲ್ಲ. ತೆಗೆದುಕೊಂಡಿದ್ದೇನೆ. ಆ ಹಗ್ಗದ ತುಂಡು ಗಡಿಯಾರದ ಮುಳ್ಳುಗಳ ಜೊತೆ ನನ್ನ ಟ್ರಂಕಿನಲ್ಲಿದೆ.

ಯಂಕೋಬನಿಗೆ ಇನ್ನೊಂದು ಮ್ಯಾನಿಫೋಲ್ಡ್ ಸಿಕ್ಕಿದೆಯಂತೆ, ನಿನಗೆ ಕಳಿಸುತ್ತಾನೆ. ಬೇಕಾದರೆ ಬೆರಳು ಹಾಕಿ ನೋಡು, ಏಣು ಇದ್ದರೆ ತೆಗೆ, ಬಾಯಿ ಕೂಡಿಸು, ಆಮೇಲೆ ಡ್ರಿಲ್ಲು ಮಂಜುಳಾಳ ಕೈಗೆ ಕೊಡು. ಬೂದಿ ಮಾತ್ರ ನಾನು ಕಳಿಸುವುದಿಲ್ಲ.

ಬರುವ ಪಂಚಮಿಗೆ ಗಾಡಿ ಓಡಿದರೆ ಬಾಗಿಲಿಗೆ ಬಾ. ಓಡದಿದ್ದರೆ ಎಲ್ಲಿ ನಿಂತಿತೋ ಅಲ್ಲಿಂದ ಹೇಳಿ ಕಳಿಸು. ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿಸಿ ಇಟ್ಟಿರುತ್ತೇನೆ.

ನಿನ್ನ ಅಕ್ಕ
ಬಸವಂತಮ್ಮ